ಮನೆಶಾಲೆಯಲ್ಲಿ ಮಕ್ಕಳ ಕನ್ನಡ ಬರವಣಿಗೆ: ಅಳೆಯುವ ಬಗೆ, ತಿದ್ದುವ ಬಗೆ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸುವ ತಂದೆತಾಯಂದಿರಿಗೆ ಗಣಿತದಲ್ಲಿ ಅಷ್ಟೇನೂ ಗೊಂದಲವಿರುವುದಿಲ್ಲ. ಲೆಕ್ಕದ ಉತ್ತರ ಪುಸ್ತಕದ ಹಿಂಭಾಗದಲ್ಲೇ ಇರುತ್ತದೆ. ಬರವಣಿಗೆಗೆ ಬಂದಾಗ ಮಾತ್ರ ತಡವರಿಸುತ್ತೇವೆ. ಒಂಬತ್ತು ವರ್ಷದ ಮಗು ಎಂಟು ಸಾಲು ಬರೆದು ತಂದರೆ ಅದು ಆ ವಯಸ್ಸಿಗೆ ಸಾಕೋ ಸಾಲದೋ, ಕಂಡ ತಪ್ಪನ್ನೆಲ್ಲ ತಿದ್ದಬೇಕೋ ಕೆಲವನ್ನು ಬಿಡಬೇಕೋ ಎಂದು ಕೇಳಲು ಪಕ್ಕದ ಕೊಠಡಿಯಲ್ಲಿ ಇನ್ನೊಬ್ಬ ಮೇಷ್ಟ್ರಿರುವುದಿಲ್ಲ, ಹೋಲಿಸಿ ನೋಡಲು ನಲವತ್ತು ಮಕ್ಕಳ ನೋಟ್‌ಬುಕ್ಕುಗಳೂ ಇರುವುದಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳಿಗೆ ಕಲಿಸಲು ಕುಳಿತಾಗ ನಾನು ಮೊದಲ ವರ್ಷವನ್ನು ಪೂರ್ತಿ ಕೆಂಪು ಪೆನ್ನಿನಲ್ಲೇ ಕಳೆದೆ. ಮಗಳ ಪುಟಗಳು ತಿಂಗಳಿಂದ ತಿಂಗಳಿಗೆ ಚಿಕ್ಕದಾಗುತ್ತಾ ಬಂದವು, ತಪ್ಪುಗಳೂ ಕಡಿಮೆಯಾದವು. ಸುಧಾರಿಸುತ್ತಿದ್ದಾಳೆಂದು ನಾನು ಸಂತೋಷಪಟ್ಟೆ. ಕಾಗುಣಿತ ಗೊತ್ತಿಲ್ಲದ ಪದವನ್ನು ಬರೆಯದೇ ಇದ್ದರೆ ಕೆಂಪು ಗುರುತು ಬೀಳುವುದಿಲ್ಲ ಎಂಬುದನ್ನು ಅವಳು ಕಂಡುಕೊಂಡಿದ್ದಳು ಎಂದು ಗೊತ್ತಾದದ್ದು ಬಹಳ ತಡವಾಗಿ.

ಆ ವರ್ಷದ ನಂತರ ನಾನು ಹಿಡಿದ ದಾರಿಯನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಅದರ ಮೂಲ ಸೂತ್ರ ಒಂದೇ: ಮಗುವಿನ ಬರವಣಿಗೆ ಯಾವ ಜಾಗದಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು ಮೊದಲು ಪತ್ತೆ ಮಾಡಬೇಕು, ತಿದ್ದುವುದು ಆಮೇಲೆ. ಏಳರಿಂದ ಹದಿನಾಲ್ಕರವರೆಗಿನ, ಕನ್ನಡ ಓದಲು ಬರುವ ಮಕ್ಕಳಿಗೆ ಇದು ಅನ್ವಯಿಸುತ್ತದೆ. ಅಕ್ಷರಮಾಲೆಯೇ ಇನ್ನೂ ಕೈಗೆ ಹತ್ತದ ಮಗುವಿಗೆ ಇದು ಬೇಡ.

ಅನೇಕರು ಮೊದಲು ಕೇಳುವುದು ಕಾನೂನಿನ ಪ್ರಶ್ನೆಯನ್ನಾದ್ದರಿಂದ ಅದನ್ನು ಇಲ್ಲೇ ಮುಗಿಸಿಬಿಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಮನೆಯಲ್ಲಿ ಕಲಿಸುವುದರ ಬಗ್ಗೆ ಅದು ಪ್ರತ್ಯೇಕವಾಗಿ ಏನನ್ನೂ ಹೇಳುವುದಿಲ್ಲ. ಹೋಂ ಸ್ಕೂಲಿಂಗ್ ಮಾಡುವ ಬಹಳಷ್ಟು ಕುಟುಂಬಗಳು ಹತ್ತನೆಯ ತರಗತಿಯ ಹೊತ್ತಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ, ಅಂದರೆ ಎಲ್ಲರೂ ಎನ್‌ಐಓಎಸ್ ಎಂದು ಕರೆಯುವ ಮಂಡಳಿಯ, ಪರೀಕ್ಷೆಗೆ ಮಕ್ಕಳನ್ನು ಕೂರಿಸುತ್ತವೆ. ಅಲ್ಲಿಯವರೆಗೆ ಬರವಣಿಗೆಯನ್ನು ಅಳೆಯುವ ಹೊಣೆ ಮನೆಯವರದೇ.

ಹೆಜ್ಜೆ 1: ಕೈ ಹಾಕದೆ ನಾಲ್ಕು ಮಾದರಿಗಳನ್ನು ಕೂಡಿಸಿಕೊಳ್ಳಿ

ಒಂದೇ ಪುಟವನ್ನು ನೋಡಿ ಮಗುವಿನ ಬರವಣಿಗೆಯ ಬಗ್ಗೆ ತೀರ್ಮಾನಕ್ಕೆ ಬರಬಾರದು. ನಿದ್ದೆಗಣ್ಣಿನಲ್ಲಿ ಬರೆದ ಪುಟವೂ ಇಷ್ಟದ ವಿಷಯದ ಬಗ್ಗೆ ಬರೆದ ಪುಟವೂ ಇಬ್ಬರು ಬೇರೆ ಮಕ್ಕಳು ಬರೆದಂತೆ ಕಾಣುತ್ತವೆ. ಎರಡು ವಾರಗಳ ಅವಧಿಯಲ್ಲಿ, ಬೇರೆಬೇರೆ ದಿನಗಳಲ್ಲಿ, ಮೂರು ಬಗೆಯ ಬರಹಗಳನ್ನು ಬರೆಸಿ: ನಡೆದ ಒಂದು ಘಟನೆ, ಮಗುವಿಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸವನ್ನು ಮಾಡುವ ಬಗೆ (ಗಾಳಿಪಟ ಕಟ್ಟುವುದು, ಚಪಾತಿ ಲಟ್ಟಿಸುವುದು, ಸೈಕಲ್ಲಿನ ಚೈನು ಹಾಕುವುದು, ಯಾವುದಾದರೂ ಸರಿ), ಯಾರನ್ನಾದರೂ ಒಪ್ಪಿಸಲು ಬರೆದ ಒಂದು ಕಾಗದ. ಪ್ರತಿಯೊಂದಕ್ಕೂ ಇಪ್ಪತ್ತು ನಿಮಿಷ ಸಾಕು. ಆ ಹೊತ್ತಿನಲ್ಲಿ ನೀವು ಪದ ಹೇಳಿಕೊಡಬಾರದು, ಹಿಂದೆ ನಿಂತು ಇಣುಕಲೂಬಾರದು. ಕಾಗುಣಿತ ಕೇಳಿದರೆ “ನಿನಗೆ ತೋಚಿದ ಹಾಗೆ ಬರೆ” ಎಂದಷ್ಟೇ ಹೇಳಿ.

ನಾಲ್ಕನೆಯ ಮಾದರಿಯನ್ನು ಮಗು ಬರೆಯುವುದಿಲ್ಲ, ಹೇಳುತ್ತದೆ. ಇನ್ನೊಂದು ಘಟನೆಯನ್ನು ಬಾಯಲ್ಲಿ ಹೇಳಿಸಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು, ಆಮೇಲೆ ಮಗು ಹೇಳಿದ್ದನ್ನು ಹೇಳಿದಂತೆಯೇ ಕಾಗದಕ್ಕಿಳಿಸಿ. ಬೇಸರದ ಕೆಲಸವೆಂದು ಇದನ್ನು ಬಿಟ್ಟುಬಿಡುವವರೇ ಹೆಚ್ಚು, ಆದರೆ ಮುಂದಿನ ಹೆಜ್ಜೆ ನಿಂತಿರುವುದೇ ಇದರ ಮೇಲೆ. ನಾಲ್ಕಕ್ಕೂ ತಾರೀಖು ಹಾಕಿ ಒಂದು ಫೈಲಿನಲ್ಲಿಡಿ. ಈ ಪುಟಗಳ ಮೇಲೆ ಯಾವ ಗುರುತನ್ನೂ ಮಾಡಬೇಡಿ. ಗುರುತು ಮಾಡಲೇಬೇಕಿದ್ದರೆ ಜೆರಾಕ್ಸ್ ಮಾಡಿಸಿಕೊಂಡು ಅದರ ಮೇಲೆ ಮಾಡಿ.

ಹೆಜ್ಜೆ 2: ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಿ

ಬರೆಯುವುದು ಎಂದು ನಾವು ಒಂದೇ ಹೆಸರಿನಿಂದ ಕರೆಯುವ ಕೆಲಸದೊಳಗೆ ಕನಿಷ್ಠ ಮೂರು ಕೆಲಸಗಳು ಒಟ್ಟೊಟ್ಟಿಗೆ ನಡೆಯುತ್ತಿರುತ್ತವೆ. ಏನು ಹೇಳಬೇಕು, ಯಾವುದನ್ನು ಮೊದಲು ಹೇಳಬೇಕು ಎಂದು ಯೋಚಿಸುವುದು ಒಂದು. ಯೋಚಿಸಿದ್ದಕ್ಕೆ ವಾಕ್ಯದ ರೂಪ ಕೊಡುವುದು ಇನ್ನೊಂದು. ಆ ವಾಕ್ಯವನ್ನು ಒತ್ತು, ದೀರ್ಘ, ಕೊಂಬುಗಳ ಸಮೇತ ಕೈಯಿಂದ ಕಾಗದಕ್ಕೆ ಇಳಿಸುವುದು ಮೂರನೆಯದು. ದೊಡ್ಡವರಿಗೆ ಮೂರನೆಯದು ಅಭ್ಯಾಸವಾಗಿಹೋಗಿರುವುದರಿಂದ ಅದರ ಭಾರ ಗೊತ್ತಾಗುವುದಿಲ್ಲ. ಎಂಟು ವರ್ಷದ ಮಗು ‘ಕ್ಷ’ದ ಸುತ್ತು ಎಲ್ಲಿಂದ ಶುರು ಎಂದು ನೆನಪಿಸಿಕೊಳ್ಳುವಷ್ಟರಲ್ಲಿ ವಾಕ್ಯದ ಬಾಲವನ್ನೇ ಮರೆತಿರುತ್ತದೆ.

ಹೇಳಿದ ಮಾದರಿಯನ್ನೂ ಬರೆದ ಮಾದರಿಯನ್ನೂ ಅಕ್ಕಪಕ್ಕದಲ್ಲಿಟ್ಟು ಓದಿ. ಹೇಳಿದ್ದು ಉದ್ದವಾಗಿ, ವಿವರಗಳಿಂದ ತುಂಬಿದ್ದು ಬರೆದದ್ದು ಒಣಗಿದ್ದರೆ ತೊಂದರೆ ಕೈಯಲ್ಲಿದೆ. ಇಂಥ ಮಗುವಿಗೆ ಪ್ರಬಂಧದ ಪಾಠ ಹೇಳುವುದು ವ್ಯರ್ಥ. ಹೇಳಿದ್ದೂ ಬರೆದದ್ದೂ ಎರಡೂ ಅಷ್ಟಕ್ಕಷ್ಟೇ ಆಗಿದ್ದರೆ ವಿಷಯ ಮತ್ತು ವಾಕ್ಯದ ಕಡೆ ಗಮನ ಕೊಡಬೇಕು: ಹೆಚ್ಚು ಓದಿಸಬೇಕು, ಹೆಚ್ಚು ಮಾತಾಡಿಸಬೇಕು, ಹೊರಗೆ ಕರೆದುಕೊಂಡು ಹೋಗಬೇಕು. ಬರೆದದ್ದೇ ಹೇಳಿದ್ದಕ್ಕಿಂತ ಅಚ್ಚುಕಟ್ಟಾಗಿದ್ದರೆ, ಕೆಲವು ಮೌನಿ ಮಕ್ಕಳಲ್ಲಿ ಹೀಗಿರುತ್ತದೆ, ನಿಮಗೆ ಅರ್ಧ ಕೆಲಸ ಕಡಿಮೆ.

ಕೈಯ ಮೇಲೆ ಅನುಮಾನ ಬಂದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಮಗುವಿಗೆ ಪರಿಚಯವಿರುವ ಪಾಠದ ಒಂದು ಭಾಗವನ್ನು ಎದುರಿಗಿಟ್ಟು ಐದು ನಿಮಿಷ ನೋಡಿ ಬರೆಯಲು ಹೇಳಿ, ಎಷ್ಟು ಅಕ್ಷರ ಬರೆಯಿತೆಂದು ಎಣಿಸಿ. ಆ ಸಂಖ್ಯೆಯನ್ನು ಬೇರೆ ಮಕ್ಕಳ ಸಂಖ್ಯೆಯೊಂದಿಗೆ ಹೋಲಿಸಬೇಡಿ. ಅದೇ ಮಗುವಿನ ಎರಡು ತಿಂಗಳ ನಂತರದ ಸಂಖ್ಯೆಯೊಂದಿಗೆ ಹೋಲಿಸಿ. ಮಗು ಬರೆಯುವಾಗ ಪ್ರತಿ ಅಕ್ಷರಕ್ಕೂ ತಲೆ ಎತ್ತಿ ನೋಡುತ್ತದೋ, ಪದಕ್ಕೊಮ್ಮೆಯೋ, ಅಥವಾ ಮೂರು-ನಾಲ್ಕು ಪದಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತದೋ ಎಂಬುದನ್ನೂ ಗಮನಿಸಿ. ಇದು ಎಣಿಕೆಗಿಂತ ಹೆಚ್ಚಿನದನ್ನು ಹೇಳುತ್ತದೆ.

ಹೆಜ್ಜೆ 3: ತಪ್ಪುಗಳನ್ನು ಎಣಿಸುವ ಬದಲು ವಿಂಗಡಿಸಿ

ಒಂದು ಪುಟದಲ್ಲಿ ಹದಿನೈದು ತಪ್ಪುಗಳಿವೆ ಎನ್ನುವುದರಿಂದ ಏನೂ ತಿಳಿಯುವುದಿಲ್ಲ. ಹದಿನೈದರಲ್ಲಿ ಎಷ್ಟು ಕಿವಿಯ ತಪ್ಪು, ಎಷ್ಟು ಕಣ್ಣಿನ ತಪ್ಪು ಎಂದು ಬೇರೆ ಮಾಡಿದರೆ ಮದ್ದು ತಾನಾಗಿ ಕಾಣುತ್ತದೆ. ಕನ್ನಡದಲ್ಲಿ ಉಚ್ಚರಿಸಿದಂತೆ ಬರೆಯುತ್ತೇವೆ, ಆದ್ದರಿಂದ ಕಾಗುಣಿತ ಸುಲಭ ಎಂದು ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. ಇದು ಅರ್ಧ ನಿಜ.

ಹ್ರಸ್ವ-ದೀರ್ಘ ಮತ್ತು ಒತ್ತಕ್ಷರಗಳಲ್ಲಿ ಕಿವಿ ನಿಜವಾಗಿಯೂ ನೆರವಾಗುತ್ತದೆ. ಕೊಡು-ಕೋಡು, ಬಲ-ಬಾಲ, ಕತೆ-ಕತ್ತೆ, ಹಳಿ-ಹಳ್ಳಿ, ಇವುಗಳ ವ್ಯತ್ಯಾಸ ಬಾಯಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಇಲ್ಲಿ ತಪ್ಪು ಮಾಡುವ ಮಗುವಿಗೆ ತಾನು ಬರೆದದ್ದನ್ನು ಗಟ್ಟಿಯಾಗಿ, ಬರೆದಂತೆಯೇ ಓದಲು ಹೇಳಿದರೆ ಸಾಕು. “ಅಜ್ಜ ಕತ್ತೆ ಹೇಳಿದರು” ಎಂದು ಓದಿಕೊಂಡ ನನ್ನ ಮಗ ನಕ್ಕು ನಕ್ಕು ಕುರ್ಚಿಯಿಂದ ಜಾರಿದ್ದ, ಆ ಒತ್ತು ಮತ್ತೆ ಅಲ್ಲಿ ಬರಲಿಲ್ಲ. ಉಕ್ತಲೇಖನ ಈ ಗುಂಪಿನ ತಪ್ಪುಗಳಿಗೆ ಒಳ್ಳೆಯ ಅಭ್ಯಾಸ.

ಅಲ್ಪಪ್ರಾಣ-ಮಹಾಪ್ರಾಣಗಳ ಕತೆ ಬೇರೆ. ನಿತ್ಯದ ಮಾತಿನಲ್ಲಿ ಬಹಳಷ್ಟು ಕನ್ನಡಿಗರು ಖಾರವನ್ನು ಕಾರ ಎಂದೂ ಭಾಗವನ್ನು ಬಾಗ ಎಂದೂ ಹೇಳುತ್ತಾರೆ. ಮನೆಯಲ್ಲಿ ಯಾರ ಬಾಯಲ್ಲೂ ಕೇಳಿಸದ ಮಹಾಪ್ರಾಣವನ್ನು ಮಗು ಕಿವಿಯಿಂದ ಹಿಡಿಯುವುದು ಸಾಧ್ಯವಿಲ್ಲ. ಶ-ಷ ಭೇದವೂ ಹೀಗೆಯೇ. ಇವುಗಳನ್ನು ಕಣ್ಣಿನಿಂದ ಕಲಿಯಬೇಕು, ಅಂದರೆ ಮುದ್ರಿತ ರೂಪವನ್ನು ಮತ್ತೆಮತ್ತೆ ನೋಡಬೇಕು, ನೋಡಿ ಬರೆಯಬೇಕು. ಉಕ್ತಲೇಖನ ಹೇಳಿ “ಹೊಟ್ಟೆ ಸೀಳಲಿಲ್ಲ” ಎಂದು ಗದರುವುದು ಇಲ್ಲಿ ನ್ಯಾಯವಲ್ಲ. ದನ ಮತ್ತು ಧನ, ಇಂಥ ಅರ್ಥಭೇದವಿರುವ ಜೋಡಿಗಳಿಂದ ಶುರು ಮಾಡಿ, ಮಗು ನಿಜವಾಗಿ ಬಳಸುವ ಪದಗಳ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿ. ವಾರಕ್ಕೆ ಐದು ಪದ ಸಾಕು.

ಮೂರನೆಯ ಗುಂಪು ಪ್ರಾದೇಶಿಕ ಉಚ್ಚಾರದಿಂದ ಬರುವಂಥದು. ಹಳೆಯ ಮೈಸೂರಿನ ಕೆಲವು ಕಡೆ ಮಾತಿನಲ್ಲಿ ಪದದ ಮೊದಲ ಹಕಾರ ಬಿದ್ದುಹೋಗಿ ಹಾಲು ಆಲಾಗುತ್ತದೆ. ಅದನ್ನು ತಿದ್ದಿದ ಮಗು ಅತಿಯಾಗಿ ಎಚ್ಚರವಹಿಸಿ ‘ಹಕ್ಕಿ ರೊಟ್ಟಿ’ ಎಂದು ಬರೆಯಬಹುದು. ನ-ಣ, ಲ-ಳ ಗೊಂದಲವೂ ಹಲವು ಮನೆಗಳಲ್ಲಿದೆ. ಇದಕ್ಕೆ ಸೇರಿಕೊಂಡಂತೆ ‘ಬರ್ತೀನಿ’, ‘ಬರ್ತೇನಿ’ಯಂಥ ಆಡುನುಡಿಯ ರೂಪಗಳು ಪುಟದಲ್ಲಿ ಕಾಣಿಸುತ್ತವೆ. ಇವನ್ನು ತಪ್ಪೆಂದು ಗುರುತಿಸುವುದನ್ನು ನಾನು ಒಪ್ಪುವುದಿಲ್ಲ. ಅಜ್ಜಿಯ ಮಾತು ತಪ್ಪು ಎಂದರೆ ಮಗು ಅಜ್ಜಿಯ ಬಗ್ಗೆ ಬರೆಯುವುದನ್ನೇ ನಿಲ್ಲಿಸುತ್ತದೆ. ಉದ್ಧರಣ ಚಿಹ್ನೆಯೊಳಗಿನ ಮಾತಿನಲ್ಲಿ ಅವು ಹಾಗೆಯೇ ಇರಲಿ, ಮಗು ಸ್ವತಃ ವಿವರಿಸುವ ವಾಕ್ಯಗಳಲ್ಲಿ ‘ಬರುತ್ತೇನೆ’ ಎಂಬ ಬರಹದ ರೂಪ ಇರಲಿ ಎಂದು ಹೇಳಿಕೊಟ್ಟರೆ ಎರಡೂ ಉಳಿಯುತ್ತವೆ.

ಇಂಗ್ಲಿಷ್ ಪುಸ್ತಕಗಳನ್ನೇ ಹೆಚ್ಚು ಓದುವ ಮಕ್ಕಳಲ್ಲಿ ಇನ್ನೊಂದು ಬಗೆ ಇದೆ, ಅದು ಕಾಗುಣಿತ ನೋಡುವ ಕಣ್ಣಿಗೆ ಬೀಳುವುದೇ ಇಲ್ಲ. “ನಾನು ನನ್ನ ಕೈಗಳನ್ನು ತೊಳೆದೆ” ಎಂಬ ವಾಕ್ಯದಲ್ಲಿ ಅಕ್ಷರದ ತಪ್ಪು ಒಂದೂ ಇಲ್ಲ, ಆದರೆ ಕನ್ನಡದಲ್ಲಿ ನಾವು ಕೈ ತೊಳೆದುಕೊಳ್ಳುತ್ತೇವೆ. “ಆಟ ನಿಂತಿತು ಏಕೆಂದರೆ ಮಳೆ ಬಂದಿತು” ಎನ್ನುವ ಮಗುವಿಗೆ “ಮಳೆ ಬಂದದ್ದರಿಂದ ಆಟ ನಿಂತಿತು” ಎಂಬ ಜೋಡಣೆ ಇನ್ನೂ ಕಿವಿಗೆ ಬಿದ್ದಿಲ್ಲ. ಅಮೆರಿಕದಲ್ಲೋ ದುಬೈಯಲ್ಲೋ ಬೆಳೆಯುತ್ತಿರುವ ಕನ್ನಡದ ಮಕ್ಕಳಲ್ಲಿ ಇದು ಸಹಜ; ಬೆಂಗಳೂರಿನ ಮಕ್ಕಳಲ್ಲೂ ಈಗ ಅಷ್ಟೇ ಸಹಜ. ನಿಯಮ ಹೇಳಿ ಇದನ್ನು ಸರಿಪಡಿಸಲಾಗದು. ಗಟ್ಟಿಯಾಗಿ ಓದಿ ಹೇಳುವ ಕನ್ನಡ ಕತೆಗಳೇ ಇದಕ್ಕೆ ಮದ್ದು, ಮಗು ತಾನೇ ಓದಿಕೊಳ್ಳುವ ವಯಸ್ಸಿನಲ್ಲೂ ಅದನ್ನು ನಿಲ್ಲಿಸಬಾರದು.

ಹೆಜ್ಜೆ 4: ಒಂದು ಪುಟವನ್ನು ಓದುವ ಕ್ರಮ

ನನ್ನ ಮಗಳು ಒಂಬತ್ತನೆಯ ವಯಸ್ಸಿನಲ್ಲಿ ಬರೆದ ಒಂದು ಪುಟ ಫೈಲಿನಲ್ಲಿ ಹಾಗೆಯೇ ಇದೆ:

“ನಾನು ಅಜ್ಜಿ ಮನೆಗೆ ಹೋದೆ. ಅಜ್ಜಿ ಮಾವಿನಕಾಯಿ ಹೆಚ್ಚಿದರು. ನಾನು ಉಪ್ಪು ಹಾಕಿದೆ. ಮತ್ತು ನಾನು ಕಾರದ ಪುಡಿ ಹಾಕಿದೆ. ಬರಣಿಯ ಬಾಯಿಗೆ ಬಟ್ಟೆ ಕಟಿದರು. ಮುಟ್ಟಬೇಡ ಅಂದ್ರು. ನಾನು ಮುಟಿದೆ. ತುಂಬಾ ಚನ್ನಾಗಿತ್ತು.”

ಮೊದಲ ಓದಿನಲ್ಲಿ ಕೈಯಲ್ಲಿ ಪೆನ್ನು ಇರಬಾರದು. ಓದುಗರಾಗಿ ಓದಿ, ಎಲ್ಲಿ ನಿಮಗೆ ಮುಂದೇನಾಯಿತು ಎನ್ನಿಸಿತೆಂದು ನೋಡಿಕೊಳ್ಳಿ. ಈ ಪುಟದಲ್ಲಿ ಆ ಜಾಗ “ನಾನು ಮುಟಿದೆ” ಎಂಬ ಎರಡು ಪದ. ಒತ್ತು ಬಿಟ್ಟುಹೋದ ಆ ವಾಕ್ಯವೇ ಇಡೀ ಪುಟದ ಜೀವ, ಕೆಂಪು ಪೆನ್ನಿನ ಕಾಲದಲ್ಲಾದರೆ ನಾನು ಅಲ್ಲಿ ಒತ್ತನ್ನು ಮಾತ್ರ ಕಾಣುತ್ತಿದ್ದೆ. “ತುಂಬಾ ಚೆನ್ನಾಗಿತ್ತು” ಎಂಬ ಕೊನೆಯ ಸಾಲು ಇದಕ್ಕೆ ವಿರುದ್ಧ. ಪ್ರವಾಸಕ್ಕೂ ಹಬ್ಬಕ್ಕೂ ಹುಟ್ಟುಹಬ್ಬಕ್ಕೂ ಮಕ್ಕಳು ಅಂಟಿಸುವ ಮುಚ್ಚಳ ಅದು.

ಎರಡನೆಯ ಓದಿನಲ್ಲಿ ತಪ್ಪುಗಳನ್ನು ವಿಂಗಡಿಸಿದೆ. ಕಾರ, ಬರಣಿ ಇವೆರಡೂ ಕಣ್ಣಿನವು. ಕಟಿದರು, ಮುಟಿದೆ ಇವು ಕಿವಿಯವು, ಮತ್ತು ‘ಬಟ್ಟೆ’, ‘ಮುಟ್ಟಬೇಡ’ ಪದಗಳಲ್ಲಿ ಅದೇ ಒತ್ತು ಸರಿಯಾಗಿರುವುದರಿಂದ ಅವಳಿಗೆ ಗೊತ್ತಿಲ್ಲದೆ ಆದದ್ದಲ್ಲ, ಅವಸರದಲ್ಲಿ ಜಾರಿದ್ದು. ‘ಅಂದ್ರು’ ಆಡುನುಡಿ. ಸಣ್ಣಸಣ್ಣ ವಾಕ್ಯಗಳು, ಅವುಗಳಲ್ಲಿ ಅರ್ಧದಷ್ಟರಲ್ಲಿ ‘ನಾನು’, ನಡುವೆ ಒಂದು ‘ಮತ್ತು’: ವಾಕ್ಯ ಜೋಡಣೆಯ ಅಭ್ಯಾಸ ಬೇಕೆಂಬುದರ ಗುರುತು.

ಮೂರನೆಯದಾಗಿ, ಮಗುವಿನೊಂದಿಗೆ ಮಾತು. ನಾನು ಕೇಳಿದ್ದು ಒಂದೇ ಪ್ರಶ್ನೆ: “ಮುಟ್ಟಿದ ಮೇಲೆ ಏನಾಯ್ತು ಪುಟ್ಟಾ?” ಅವಳು ಹೇಳಿದಳು: “ನನ್ ಕೈ ಒದ್ದೆ ಇತ್ತಮ್ಮ. ಅಜ್ಜಿ ಬೈಲಿಲ್ಲ. ಆ ಭರಣೀನ ಬೇರೆ ಇಟ್ಟು, ಇದನ್ನೇ ಮೊದಲು ಖಾಲಿ ಮಾಡ್ಬೇಕು ಅಂದ್ರು.” ಒದ್ದೆ ಕೈ ತಾಗಿದ ಉಪ್ಪಿನಕಾಯಿಗೆ ಬೂಷ್ಟು ಹಿಡಿಯುತ್ತದೆಂಬುದು ಅಜ್ಜಿಗೆ ಗೊತ್ತು, ಮೊಮ್ಮಗಳಿಗೂ ಆ ದಿನ ಗೊತ್ತಾಗಿದೆ, ಪುಟಕ್ಕೆ ಮಾತ್ರ ಗೊತ್ತಿಲ್ಲ. “ಈಗ ನನಗೆ ಹೇಳಿದ್ದು ಇದರಲ್ಲಿ ಎಲ್ಲಿದೆ?” ಎಂದು ಕೇಳಿ ಅಲ್ಲಿಗೇ ಬಿಟ್ಟೆ. ಎರಡು ದಿನದ ನಂತರ ಬಂದ ಪುಟ ಹೀಗಿತ್ತು:

“ಅಜ್ಜಿ ಹೆಚ್ಚಿಟ್ಟ ಮಾವಿನಕಾಯಿಗೆ ನಾನು ಉಪ್ಪು, ಖಾರದ ಪುಡಿ ಹಾಕಿದೆ. ಅಜ್ಜಿ ಬರಣಿಯ ಬಾಯಿಗೆ ಬಟ್ಟೆ ಕಟ್ಟಿ ಮುಟ್ಟಬೇಡ ಅಂದ್ರು. ಮಧ್ಯಾಹ್ನ ಅಜ್ಜಿ ಮಲಗಿದಾಗ ಬಟ್ಟೆ ಬಿಚ್ಚಿ ಒಂದು ಹೋಳು ತೆಗೆದೆ. ನನ್ನ ಕೈ ಒದ್ದೆ ಇತ್ತು. ಅಜ್ಜಿ ಬೈಯಲಿಲ್ಲ. ಆ ಬರಣಿ ಬೇರೆ ಇಟ್ಟು ಇದನ್ನೇ ಮೊದಲು ಖಾಲಿ ಮಾಡಬೇಕು ಅಂದ್ರು.”

ಬರಣಿ ಇಲ್ಲಿಯೂ ಬರಣಿಯಾಗಿಯೇ ಇದೆ. ಅದನ್ನು ಈ ಪುಟದಲ್ಲಿ ತಿದ್ದಲಿಲ್ಲ, ಮುಂದಿನ ವಾರದ ಗೋಡೆಯ ಪಟ್ಟಿಗೆ ‘ಭರಣಿ’ ಸೇರಿತು. ಒಂದು ಬರಹಕ್ಕೆ ವಿಷಯದ ಬಗ್ಗೆ ಒಂದು ಪ್ರಶ್ನೆ, ಅಕ್ಷರ ಅಥವಾ ವಾಕ್ಯದ ಬಗ್ಗೆ ಒಂದು ತಿದ್ದುಪಡಿ, ಇಷ್ಟರ ಮೇಲೆ ಹೋಗಬೇಡಿ. ತಪ್ಪುಗಳನ್ನು ಕಂಡೂ ಬಿಡುವುದು ಕಲಿಸುವವರಿಗೆ ಹಿಂಸೆಯೇ ಸರಿ. ನಾನು ಅವನ್ನು ನನ್ನದೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಅದರಿಂದ ಸಂಕಟ ಸ್ವಲ್ಪ ಕಡಿಮೆಯಾಗುತ್ತಿತ್ತು.

ಹೆಜ್ಜೆ 5: ಅಂಕದ ಬದಲು ಮಾತಿನಲ್ಲಿ ದಾಖಲಿಸಿ

ಬರವಣಿಗೆಯನ್ನು ಅಳೆಯಲು ಬಗೆಬಗೆಯ ಕೋಷ್ಟಕಗಳು ಚಲಾವಣೆಯಲ್ಲಿವೆ. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಆರೆಗನ್‌ನಲ್ಲಿ 1980ರ ದಶಕದಲ್ಲಿ ರೂಪುಗೊಂಡದ್ದು. ವಿಚಾರ, ಜೋಡಣೆ, ಬರೆದವರ ದನಿ, ಪದಗಳ ಆಯ್ಕೆ, ವಾಕ್ಯದ ಓಟ, ಬರಹದ ನಿಯಮಗಳು ಎಂಬ ಆರು ಗುಣಗಳನ್ನು ಅದು ಬೇರೆಬೇರೆಯಾಗಿ ನೋಡುತ್ತದೆ. ಮನೆಯ ಮಟ್ಟಿಗೆ ಆರು ಹೆಚ್ಚಾಯಿತು. ನಾನು ಉಳಿಸಿಕೊಂಡದ್ದು ನಾಲ್ಕು ಪ್ರಶ್ನೆಗಳನ್ನು: ಹೇಳಲೇಬೇಕಾದ ವಿಷಯ ಪುಟದಲ್ಲಿದೆಯೇ? ಓದುವವರು ದಾರಿ ತಪ್ಪದಂತೆ ಸಾಲುಗಳು ಒಂದರ ಹಿಂದೆ ಒಂದು ಬಂದಿವೆಯೇ? ವಾಕ್ಯಗಳು ಕನ್ನಡದ ವಾಕ್ಯಗಳಾಗಿವೆಯೇ? ಅಕ್ಷರ ಮತ್ತು ಚಿಹ್ನೆಗಳು ಓದಿಗೆ ಅಡ್ಡ ಬರುತ್ತವೆಯೇ?

ಪ್ರತಿ ಪ್ರಶ್ನೆಗೂ ‘ಇನ್ನೂ ಇಲ್ಲ’, ‘ಅಲ್ಲಲ್ಲಿ’, ‘ಹೆಚ್ಚಿನ ಕಡೆ’, ‘ಎಲ್ಲ ಕಡೆ’ ಎಂಬ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ, ಅದರ ಮುಂದೆ ಸಾಕ್ಷಿಯಾಗಿ ಪುಟದಿಂದಲೇ ಒಂದು ವಾಕ್ಯವನ್ನು ಎತ್ತಿ ಬರೆಯಬೇಕು. ಸಾಕ್ಷಿಯ ವಾಕ್ಯ ಸಿಗದಿದ್ದರೆ ನಿಮ್ಮ ತೀರ್ಮಾನ ಊಹೆಯೆಂದೇ ಅರ್ಥ. ಹತ್ತಕ್ಕೆ ಏಳು ಎಂದು ಹಾಕಿದರೆ ಮಗು ಉಳಿದ ಮೂರರ ಬಗ್ಗೆ ಕೇಳುತ್ತದೆ, ಪುಟದ ಬಗ್ಗೆ ಕೇಳುವುದಿಲ್ಲ. ಅಕ್ಕತಮ್ಮಂದಿರಿದ್ದರೆ ಪಕ್ಕದ ಪುಸ್ತಕದಲ್ಲಿ ಎಷ್ಟು ಬಿದ್ದಿದೆ ಎಂದೂ ಇಣುಕುತ್ತದೆ. ತಿಂಗಳಿಗೆ ಒಂದು ಬರಹವನ್ನು ಮಾತ್ರ ಹೀಗೆ ಪೂರ್ತಿ ಅಳೆದರೆ ಸಾಕು. ಉಳಿದವನ್ನು ಓದಿ ಸಂತೋಷಪಡಿ.

ಹೆತ್ತವರ ಕಣ್ಣಿಗೆ ಎರಡು ದೋಷಗಳಿವೆ: ಮಗು ಹೇಳದೆ ಬಿಟ್ಟದ್ದನ್ನೂ ಆ ಕಣ್ಣು ತಾನೇ ತುಂಬಿಕೊಂಡು ಓದುತ್ತದೆ, ಕೆಲವೊಮ್ಮೆ ಸುಸ್ತಾದ ದಿನ ಅಗತ್ಯಕ್ಕಿಂತ ಕಠಿಣವಾಗುತ್ತದೆ. ಮೂರು ತಿಂಗಳಿಗೊಮ್ಮೆ ಇನ್ನೊಂದು ಮನೆಶಾಲೆಯ ಕುಟುಂಬದೊಂದಿಗೆ, ಅಥವಾ ಪರಿಚಯದ ನಿವೃತ್ತ ಕನ್ನಡ ಮೇಷ್ಟ್ರೊಂದಿಗೆ, ಹೆಸರು ತೆಗೆದ ಎರಡು ಪುಟಗಳನ್ನು ಅದಲುಬದಲು ಮಾಡಿಕೊಳ್ಳಿ. ನನ್ನ ಮಗನ ಒಂದು ಪುಟವನ್ನು ಓದಿದ ಗೆಳತಿ “ಈ ‘ಅವನು’ ಯಾರು?” ಎಂದು ಕೇಳಿದಾಗಲೇ ಪುಟದಲ್ಲಿ ಮೂರು ಮಂದಿ ‘ಅವನು’ಗಳಿದ್ದುದು ನನಗೆ ಕಂಡದ್ದು. ನಾನು ಅವರೆಲ್ಲರನ್ನೂ ಬಲ್ಲೆನಲ್ಲ!

ಹೆಜ್ಜೆ 6: ವಾರದ ಅಭ್ಯಾಸ

ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ನಾಲ್ಕು ದಿನ. ಅದಕ್ಕಿಂತ ಹೆಚ್ಚು ಹೊತ್ತು ಕೂರಿಸಿದರೆ ಕೈ ನೋಯುತ್ತದೆ, ಮನಸ್ಸೂ ಹಾರುತ್ತದೆ.

ಒಂದು ದಿನ ಓದಿ ಹೇಳಿಸಿ. ಒಂದು ಕತೆ ಅಥವಾ ವಿಜ್ಞಾನದ ಒಂದು ಬರಹವನ್ನು ಒಮ್ಮೆ ಮಾತ್ರ ಓದಿ, ಮಗು ಅದನ್ನು ತನ್ನ ಮಾತಿನಲ್ಲಿ ಹೇಳಲಿ. ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲಟ್ ಮೇಸನ್ (1842–1923) ತಮ್ಮ ಪದ್ಧತಿಯಲ್ಲಿ ಇದಕ್ಕೇ ಮುಖ್ಯ ಸ್ಥಾನ ಕೊಟ್ಟರು: ಚಿಕ್ಕ ಮಕ್ಕಳು ಬಾಯಲ್ಲಿ ಹೇಳಬೇಕು, ಸುಮಾರು ಹತ್ತು ವರ್ಷವಾದ ಮೇಲೆ ಬರೆದು ಹೇಳಲು ಆರಂಭಿಸಬೇಕು. ಹರಿಕತೆ ಕೇಳಿ ಬಂದು ಮನೆಯಲ್ಲಿ ಕತೆ ಹೇಳುತ್ತಿದ್ದ ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ. ನಡುವೆ ಬಾಯಿ ಹಾಕದಿರುವುದೊಂದೇ ಇಲ್ಲಿ ಹೆತ್ತವರು ಕಲಿಯಬೇಕಾದದ್ದು.

ಎರಡನೆಯ ದಿನ ನೋಡಿ ಬರೆಯುವುದು ಮತ್ತು ಉಕ್ತಲೇಖನ, ಎರಡೂ ಒಂದೇ ಭಾಗದಿಂದ. ಮೊದಲು ಐದಾರು ಸಾಲುಗಳನ್ನು ಮಗು ನೋಡಿ ಬರೆಯಲಿ. ಕಷ್ಟವೆನಿಸಿದ ಪದಗಳನ್ನು ತಾನೇ ಗುರುತಿಸಿಕೊಳ್ಳಲಿ. ಆಮೇಲೆ ಪುಸ್ತಕ ಮುಚ್ಚಿ ಅದನ್ನೇ ನೀವು ಹೇಳಿ, ಮಗು ಬರೆಯಲಿ. ಮೊದಲೇ ನೋಡದ ಪಾಠವನ್ನು ಉಕ್ತಲೇಖನಕ್ಕೆ ಕೊಟ್ಟರೆ ಮಗು ತಪ್ಪು ರೂಪವನ್ನು ಬರೆದು ಅದನ್ನೇ ಕಣ್ಣಿಗೆ ಅಭ್ಯಾಸ ಮಾಡಿಕೊಳ್ಳುತ್ತದೆ. ಕೈ ನಿಧಾನವಿರುವ ಮಕ್ಕಳಿಗೆ ಈ ದಿನವನ್ನು ವಾರಕ್ಕೆ ಎರಡು ಮಾಡಿ. ಅರ್ಕಾವತ್ತನ್ನು ಯಾವ ಅಕ್ಷರದ ಹಿಂದೆ ಉಚ್ಚರಿಸಿ ಯಾವುದರ ಮುಂದೆ ಬರೆಯುತ್ತೇವೆ, ‘ಮೊ’, ‘ಯೊ’ಗಳ ಕೊಂಬು ಉಳಿದವುಗಳಿಗಿಂತ ಹೇಗೆ ಬೇರೆ, ‘ಕೃ’ದ ವಟ್ರಸುಳಿ ಎಲ್ಲಿ ಕೂರುತ್ತದೆ, ಇಂಥವನ್ನು ನೋಡಿ ಬರೆಯುವ ಹೊತ್ತಿನಲ್ಲೇ ತೋರಿಸಬೇಕು.

ಮೂರನೆಯ ದಿನ ವಾಕ್ಯ ಜೋಡಣೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಬೇಗ ಫಲ ಕೊಟ್ಟದ್ದು ಇದೇ. ಅಮೆರಿಕದ ಸಂಶೋಧಕರಾದ ಸ್ಟೀವ್ ಗ್ರಹಾಂ ಮತ್ತು ಡೊಲೋರೆಸ್ ಪೆರಿನ್ ನಾಲ್ಕರಿಂದ ಹನ್ನೆರಡನೆಯ ತರಗತಿಯ ಮಕ್ಕಳ ಬರವಣಿಗೆಯ ಕುರಿತ ಅಧ್ಯಯನಗಳನ್ನು 2007ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗಲೂ ವಾಕ್ಯ ಜೋಡಣೆಯ ಅಭ್ಯಾಸ ಬರವಣಿಗೆಯನ್ನು ಉತ್ತಮಪಡಿಸುತ್ತದೆಂದೂ ವ್ಯಾಕರಣವನ್ನು ಪ್ರತ್ಯೇಕ ಪಾಠವಾಗಿ ಕಲಿಸುವುದರಿಂದ ಅಂಥ ಲಾಭ ಕಾಣಲಿಲ್ಲವೆಂದೂ ಕಂಡುಬಂದಿತು. ಅವರು ನೋಡಿದ್ದು ಕನ್ನಡವನ್ನಲ್ಲ. ಆದರೆ ಕ್ರಿಯಾಪದಗಳನ್ನು ಒಂದಕ್ಕೊಂದು ಪೋಣಿಸುವ ಶಕ್ತಿ ಕನ್ನಡಕ್ಕೆ ಎಷ್ಟಿದೆಯೆಂದರೆ ಈ ಅಭ್ಯಾಸ ನಮಗೇ ಹೇಳಿ ಮಾಡಿಸಿದಂತಿದೆ. “ನಾನು ಎದ್ದೆ. ನಾನು ಮುಖ ತೊಳೆದುಕೊಂಡೆ. ನಾನು ಹಾಲು ಕುಡಿದೆ. ಮಳೆ ಬರುತ್ತಿತ್ತು. ನಾನು ಹೊರಗೆ ಹೋಗಲಿಲ್ಲ” ಎಂಬ ಐದನ್ನು ಕೊಟ್ಟು ಒಂದೋ ಎರಡೋ ವಾಕ್ಯ ಮಾಡಲು ಹೇಳಿ. “ಎದ್ದು ಮುಖ ತೊಳೆದುಕೊಂಡು ಹಾಲು ಕುಡಿದೆನಾದರೂ ಮಳೆ ಬರುತ್ತಿದ್ದುದರಿಂದ ಹೊರಗೆ ಹೋಗಲಿಲ್ಲ” ಎಂಬುದು ಒಂದು ಉತ್ತರ. ಮಗು ಇನ್ನೂ ನಾಲ್ಕು ಬಗೆಯಲ್ಲಿ ಜೋಡಿಸಬಹುದು. ನಾಲ್ಕನ್ನೂ ಗಟ್ಟಿಯಾಗಿ ಓದಿ ಯಾವುದು ಕಿವಿಗೆ ಹಿತವೆಂದು ಮಗುವೇ ಆರಿಸಲಿ. ಅಭ್ಯಾಸದ ವಾಕ್ಯಗಳನ್ನು ಮಗುವಿನ ಹಳೆಯ ಪುಟಗಳಿಂದಲೇ ತೆಗೆದುಕೊಂಡರೆ ಪುಸ್ತಕ ಕೊಳ್ಳುವ ಖರ್ಚಿಲ್ಲ. ಉದ್ದದ ವಾಕ್ಯವೆಲ್ಲ ಒಳ್ಳೆಯದೆಂಬ ಭ್ರಮೆ ಬರದಂತೆ ನೋಡಿಕೊಳ್ಳಿ: “ಅಜ್ಜಿ ಬೈಯಲಿಲ್ಲ” ಎಂಬುದನ್ನು ಯಾವುದಕ್ಕೂ ಜೋಡಿಸಬಾರದು.

ನಾಲ್ಕನೆಯ ದಿನ ಸ್ವಂತ ಬರಹ, ಅದು ಯಾರಾದರೊಬ್ಬರಿಗೆ ತಲುಪುವಂಥದಾಗಿರಲಿ. ಊರಿನ ಅಜ್ಜನಿಗೆ ಅಂಚೆ ಕಾರ್ಡು, ಬಡಾವಣೆಯ ಉದ್ಯಾನದ ಮುರಿದ ಜೋಕಾಲಿಯ ಬಗ್ಗೆ ನಗರಪಾಲಿಕೆಗೆ ಮನವಿ, ತಮ್ಮನಿಗೆ ಆಟದ ನಿಯಮಗಳ ಪಟ್ಟಿ. ಅಜ್ಜನ ಉತ್ತರದಲ್ಲಿ “ನೀನು ಬರೆದ ಆ ಹಾವು ಯಾವ ಬಣ್ಣದ್ದು?” ಎಂಬ ಪ್ರಶ್ನೆ ಬಂದರೆ ವಿವರ ಎಂದರೇನು ಎಂಬ ಪಾಠ ಅಲ್ಲಿಗೆ ಮುಗಿಯಿತು. ಈ ಬರಹವನ್ನು ಮಾತ್ರ ಎರಡನೆಯ ಸಲ ಬರೆಸಿ, ಮೊದಲ ಬರಹಕ್ಕೂ ಎರಡನೆಯದಕ್ಕೂ ನಡುವೆ ಕನಿಷ್ಠ ಒಂದು ರಾತ್ರಿಯ ಅಂತರವಿರಲಿ.

ಪರೀಕ್ಷೆ ಹತ್ತಿರ ಬಂದಾಗ

ಎನ್‌ಐಓಎಸ್‌ನ ಹತ್ತನೆಯ ತರಗತಿಯ ಮಟ್ಟದ ಪರೀಕ್ಷೆಗೆ ಕನಿಷ್ಠ 14 ವರ್ಷವಾಗಿರಬೇಕು. ಐದು ವಿಷಯಗಳಲ್ಲಿ ಕನಿಷ್ಠ ಒಂದು ಭಾಷೆ ಕಡ್ಡಾಯ, ಎರಡರವರೆಗೆ ತೆಗೆದುಕೊಳ್ಳಬಹುದು, ಕನ್ನಡವೂ ಅವುಗಳಲ್ಲಿದೆ. ಮನೆಯಲ್ಲಿ ಬರೆದು ಸಲ್ಲಿಸುವ ನಿಯೋಜಿತ ಬರಹಗಳಿಗೆ, ಎಲ್ಲರೂ ಟಿಎಂಎ ಎನ್ನುವುದಕ್ಕೆ, ಶೇ 20ರಷ್ಟು ತೂಕವಿದೆ. ಕೊನೆಯ ವಾರದಲ್ಲಿ ಅವಸರದಿಂದ ಬರೆದು ಕಳುಹಿಸುವ ಅಭ್ಯಾಸ ಅನೇಕರಲ್ಲಿದೆ. ಮೇಲಿನ ಎರಡು ಬಾರಿ ಬರೆಯುವ ಕ್ರಮಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ. ಪರೀಕ್ಷೆಗೆ ಒಂದು ವರ್ಷವಿರುವಾಗ ಪತ್ರಲೇಖನ, ಗಾದೆಯ ವಿಸ್ತರಣೆ, ಸಾರಾಂಶ ಇವುಗಳ ರೂಪವನ್ನು ಪರಿಚಯಿಸಿದರೆ ಸಾಕು. ಎಂಟನೆಯ ವಯಸ್ಸಿನಿಂದಲೇ ಗಾದೆ ವಿಸ್ತರಿಸಿದ ಮಕ್ಕಳು “ಗಾದೆಗಳು ವೇದಗಳಿಗೆ ಸಮಾನ” ಎಂಬ ಒಂದೇ ಸಾಲಿನಿಂದ ಜೀವಮಾನವಿಡೀ ಶುರು ಮಾಡುತ್ತಾರೆ.

ಮಗು ಬರೆಯಲು ಒಪ್ಪದಿದ್ದರೆ

ಕೆಲವು ವಾರ ಮಗು ಹೇಳಲಿ, ನೀವು ಬರೆಯಿರಿ. ಕ್ರಮೇಣ ಕೊನೆಯ ವಾಕ್ಯವನ್ನೂ ಆಮೇಲೆ ಕೊನೆಯ ಎರಡನ್ನೂ ಮಗುವಿಗೆ ಬಿಟ್ಟುಕೊಡಿ. ಟೈಪ್ ಮಾಡಲು ಇಷ್ಟಪಡುವ ಹನ್ನೆರಡು ದಾಟಿದ ಮಕ್ಕಳಿಗೆ ಕಂಪ್ಯೂಟರ್ ಕೊಡಬಹುದು, ಆದರೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ವಿಧಾನದಲ್ಲಿ ಯಂತ್ರವೇ ಪದವನ್ನು ಊಹಿಸಿ ಕೊಡುವುದರಿಂದ ಕಾಗುಣಿತದ ಅಭ್ಯಾಸ ಆಗುವುದಿಲ್ಲ. ಕನ್ನಡದ ಕೀಲಿಮಣೆಯನ್ನೇ ಕಲಿಸಿ.

ಇಷ್ಟೆಲ್ಲ ಮಾಡಿಯೂ ಆರು ತಿಂಗಳಲ್ಲಿ ನೋಡಿ ಬರೆಯುವ ವೇಗ ಹೆಚ್ಚದಿದ್ದರೆ, ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ರೀತಿ ಬರೆಯುತ್ತಿದ್ದರೆ, ಹೇಳುವುದಕ್ಕೂ ಬರೆಯುವುದಕ್ಕೂ ಅಜಗಜಾಂತರವಿದ್ದರೆ, ಅದನ್ನು ಸೋಮಾರಿತನವೆಂದು ಕರೆಯುವ ಮುನ್ನ ಕಲಿಕಾ ತೊಂದರೆಯ ತಪಾಸಣೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎರಡರಲ್ಲೂ ಇದಕ್ಕೆ ವ್ಯವಸ್ಥೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ; ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವನ್ನೋ ಬರೆಯುವ ಸಹಾಯಕರನ್ನೋ ಕೇಳಬಹುದು.

ಹೆಜ್ಜೆ 7: ಹನ್ನೆರಡನೆಯ ವಾರ

ಮೊದಲ ಹೆಜ್ಜೆಯ ನಾಲ್ಕೂ ಕೆಲಸಗಳನ್ನು ಅದೇ ಇಪ್ಪತ್ತು ನಿಮಿಷದ ಮಿತಿಯಲ್ಲಿ ಮತ್ತೆ ಮಾಡಿಸಿ. ವಿಷಯ ಬೇರೆಯಾಗಿರಲಿ, ಬಗೆ ಅದೇ ಇರಲಿ. ಹಳೆಯ ಪುಟವನ್ನೂ ಹೊಸ ಪುಟವನ್ನೂ ಮೇಜಿನ ಮೇಲಿಟ್ಟು ಏನು ಬದಲಾಗಿದೆಯೆಂದು ಮೊದಲು ಮಗುವೇ ಹೇಳಲಿ. ನೀವು ಕಾಣದ ಒಂದೆರಡನ್ನು ಅದು ಕಂಡಿರುತ್ತದೆ. ಆಮೇಲೆ ನಿಮ್ಮ ನಾಲ್ಕು ಪ್ರಶ್ನೆಗಳ ದಾಖಲೆಯನ್ನು ತೆಗೆಯಿರಿ. ಎರಡು ಪ್ರಶ್ನೆಗಳಲ್ಲಿ ಒಂದು ಮೆಟ್ಟಿಲು ಏರಿದ್ದು ಉಳಿದೆರಡು ಇದ್ದಲ್ಲೇ ಇದ್ದರೆ ಮೂರು ತಿಂಗಳಿಗೆ ಅದು ಧಾರಾಳ. ಮುಂದಿನ ಹನ್ನೆರಡು ವಾರಗಳಿಗೆ ಒಂದೇ ಒಂದು ಗುರಿಯನ್ನು ಇಬ್ಬರೂ ಸೇರಿ ಆರಿಸಿ, ಹೊಸ ಪುಟದ ಹಿಂದೆ ಮಗುವಿನ ಕೈಯಲ್ಲೇ ಬರೆಸಿ, ತಾರೀಖು ಹಾಕಿ ಫೈಲಿಗೆ ಸೇರಿಸಿ. ನನ್ನ ಮಗಳು ಆ ವರ್ಷ ಬರೆದುಕೊಂಡ ಗುರಿ “ತುಂಬಾ ಚೆನ್ನಾಗಿತ್ತು ಅಂತ ಬರೆಯಲ್ಲ” ಎಂಬುದಾಗಿತ್ತು.